ಹೊಸ ಮಾತು ಕಲಿಯದ ಆನೆ

"ಗುರುಗಳೇ, ತಪ್ಪು ಮಾಡಿದವರನ್ನು ತಂಡದಿಂದ ಆಚೆ ಹಾಕಿದರೆ ಅದು ಅಧರ್ಮವೇ?"

ಚಪ್ಪಲಿ ಬಿಡುವ ಮೊದಲೇ ರೇವಣಸಿದ್ಧ ಹೀಗೆ ಕೇಳಿದ. ಅವನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮಕ್ಕಳ ರೋಬೋ ತಂಡವನ್ನು ಪಂದ್ಯಕ್ಕೆ ಸಿದ್ಧಮಾಡಿದವನು. ಅವನ ಮೈಯೆಲ್ಲ ಉರಿಯುತ್ತಿತ್ತು. ಆ ದಿನದ ಪಂದ್ಯದಲ್ಲಿ ಅವರ ರೋಬೋ ಕಣದ ನಡುವೆ ಗೂಟದ ಹಾಗೆ ನಿಂತುಬಿಟ್ಟಿತ್ತು. ಎದುರು ತಂಡದ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಾಳೆ ಇನ್ನೊಂದೇ ಸರದಿ ಉಳಿದಿತ್ತು.

"ಎಲ್ಲ ತಂಡಗಳೂ ಹೊಸ ಸಾಫ್ಟ್‌ವೇರ್ ಹಾಕಿಕೊಂಡೇ ಬರಬೇಕು ಅಂತ ಪಂದ್ಯದವರು ಮೊದಲೇ ಹೇಳಿದ್ದರು. ತಂಡದಲ್ಲಿ ಪ್ರೋಗ್ರಾಮ್ ಬರೆಯುವ ಹುಡುಗಿ ಗಾನವಿಗೆ ನಾನೂ ಹೇಳಿದ್ದೆ. ಆ ಮಹಾತಾಯಿ ಲ್ಯಾಪ್‌ಟಾಪಿಗೆ ಹಾಕಿದಳು, ರೋಬೋದ ತಲೆಯೊಳಗೆ ಹಳೆಯದೇ ಉಳಿಯಿತು. ಲ್ಯಾಪ್‌ಟಾಪ್ ಹೇಳಿದ್ದು ರೋಬೋಗೆ ತಿಳಿಯಲಿಲ್ಲ. ಕೇಳಿದರೆ, 'ಸರ್, ರೋಬೋ ನನ್ನ ಕೈಗೆ ಸಿಗಲೇ ಇಲ್ಲ' ಅಂತಾಳೆ! ಬಂದವರೆಲ್ಲ ನೋಡಲಿ ಅಂತ ಹೆಡ್‌ಮಾಸ್ತರರ ಕೋಣೆಯ ಗಾಜಿನ ಬೀರುವಿನಲ್ಲಿ ಬೀಗ ಹಾಕಿ, ಒಂದು ಗೀರೂ ಬೀಳದ ಹಾಗೆ ಕಾಪಾಡಿದವನು ನಾನು. ನನಗೇ ಎದುರುತ್ತರ! ನಾಳೆ ಅವಳು ಮನೆಯಲ್ಲಿ ಕೂರಲಿ."

ಗುರುಗಳು ಅವನಿಗೆ ಕೂರು ಎನ್ನಲಿಲ್ಲ. ಕತೆ ಶುರು ಮಾಡಿದರು.

ಒಬ್ಬ ಪಾಳೇಗಾರನ ಬಳಿ ಒಂದು ಆನೆ ಇತ್ತು. ಎಂಥ ಆನೆ ಅಂದರೆ, ಅದು ಸೀನಿದರೆ ಆಚೆ ಊರಿನ ಹೆಂಚುಗಳು ಹಾರುತ್ತಿದ್ದವು. ಅದು ಕೆರೆಗೆ ಇಳಿದರೆ ಮೀನುಗಳೆಲ್ಲ ದಡಕ್ಕೆ ಬಂದು, ಅದು ಮಿಂದು ಏಳುವ ತನಕ ಕಾಯುತ್ತಿದ್ದವು. ನಂಬದವರು ಹೋಗಿ ಆ ಮೀನುಗಳ ಮೊಮ್ಮಕ್ಕಳನ್ನೇ ಕೇಳಬಹುದು.

ಒಂದು ವರ್ಷ ಅರಸ ಆಜ್ಞೆ ಹೊರಡಿಸಿದ. ನಾಡಿನಲ್ಲಿ ಒಬ್ಬೊಬ್ಬ ಮಾವುತ ಒಂದೊಂದು ಮಾತಿನಲ್ಲಿ ಆನೆ ನಡೆಸುತ್ತಾನೆ. ದಂಡಿನಲ್ಲಿ ಒಬ್ಬನ ಆನೆ ಇನ್ನೊಬ್ಬನಿಗೆ ಬಗ್ಗುವುದಿಲ್ಲ. ಇನ್ನು ಮೇಲೆ ಎಲ್ಲರಿಗೂ ಒಂದೇ ಹೊಸ ಮಾತು. ದಿಮ್ಮಿ ಎಳೆಯುವ ಪಂದ್ಯದಲ್ಲಿ ಹಳೆಯ ಮಾತು ಬಾಯಿಂದ ಬಿತ್ತೋ, ಆನೆ ಕಣದಿಂದ ಆಚೆ.

ಪಾಳೇಗಾರ ಮಾವುತನನ್ನು ಕರೆದು "ಹೊಸ ಮಾತು ಕಲಿ" ಎಂದ. ಮಾವುತ ಕಲಿತ. ಎಷ್ಟು ಕಲಿತ ಅಂದರೆ, ಹೆಂಡತಿ ಊಟಕ್ಕೆ ಕರೆದರೂ ಅದರಲ್ಲೇ ಓಗೊಡುತ್ತಿದ್ದ. ಆದರೆ ಆನೆ? ಅದಕ್ಕೆ ಬಣ್ಣ ಬಳಿಸಿ, ಗೆಜ್ಜೆ ಕಟ್ಟಿಸಿ, ಪಾಳೇಗಾರ ತನ್ನ ಹೆಬ್ಬಾಗಿಲಲ್ಲಿ ಕಟ್ಟಿಹಾಕಿದ್ದ. ಬಂದ ನೆಂಟರೆಲ್ಲ ನೋಡಿ ಬಾಯಿ ಬಿಡಬೇಕಲ್ಲ!

"ಒಡೆಯಾ, ಆನೆಯನ್ನು ನನ್ನ ಕೈಗೆ ಕೊಡಿ. ಮಾತು ಅದಕ್ಕೂ ಬರಬೇಕು" ಎಂದು ಮಾವುತ ಬೇಡಿದ.

"ಬಣ್ಣ ಅಳಿಸಿ ಹೋದರೆ ನಿಮ್ಮಪ್ಪ ಬಂದು ಬಳೀತಾನಾ? ನಡಿಯೋ ಆಚೆ!" ಎಂದ ಪಾಳೇಗಾರ.

ಪಂದ್ಯದ ದಿನ ಮಾವುತ ಹೊಸ ಮಾತಿನಲ್ಲಿ ಕೂಗಿದ. ಆನೆ ಕಿವಿ ಬೀಸಿತು, ಹೆಜ್ಜೆ ಎತ್ತಲಿಲ್ಲ. "ಕಿವುಡು ಆನೆಗೋ, ಒಡೆಯನಿಗೋ?" ಎಂದು ಜನ ಕೇಕೆ ಹಾಕಿದರು. ಪಾಳೇಗಾರ ಕೆಂಡವಾದ. ಕಣದಲ್ಲೇ ಮಾವುತನಿಗೆ ಚಾಟಿ ಬೀಸಿ ಓಡಿಸಿದ. ಇನ್ನೊಬ್ಬನನ್ನು ಹತ್ತಿಸಿದ, ಅವನನ್ನೂ ಓಡಿಸಿದ. ಕೊನೆಗೆ ತಾನೇ ಹತ್ತಿ ಕೂತು ಕಿರುಚಿದ. ಆ ರಭಸಕ್ಕೆ ಆಕಾಶದ ಮೋಡ ಚದುರಿತು, ಆನೆ ಕದಲಲಿಲ್ಲ. ಕೂತಲ್ಲೇ ಅವನ ಗಡ್ಡ ಬೆಳೆದು ಸೊಂಡಿಲ ತುದಿ ಮುಟ್ಟಿತು. ಆಗಲೂ ಅವನು ಮಾವುತನನ್ನೇ ಬೈಯುತ್ತಿದ್ದ.

ರೇವಣಸಿದ್ಧನಿಗೆ ತಡೆಯಲಾಗಲಿಲ್ಲ. ಹೊತ್ತು ತಂದ ಸಿಟ್ಟೆಲ್ಲ ಆ ಪಾಳೇಗಾರನ ಮೇಲೆ ತಿರುಗಿತು.

"ಎಂಥ ಅವಿವೇಕಿ! ಕಲಿಸುತ್ತೇನೆ ಅಂದವನ ಕೈಗೆ ಆನೆ ಕೊಡದೆ, ಅವನನ್ನೇ ಹೊಡೆಯುವುದೇ? ಆಚೆ ಹಾಕಬೇಕಾದದ್ದು ಆ ಪಾಳೇಗಾರನನ್ನು!"

ಗುರುಗಳು ಎದ್ದು ನಿಂತರು. ಇಷ್ಟು ವರ್ಷಗಳಲ್ಲಿ ಅವರ ದನಿ ಏರಿದ್ದನ್ನು ಶಿಷ್ಯ ಒಮ್ಮೆಯೂ ಕೇಳಿರಲಿಲ್ಲ.

"ಹಾಗಾದರೆ ನಾಳೆ ಮನೆಯಲ್ಲಿ ಕೂರುವವರು ಯಾರು, ಮೇಷ್ಟ್ರೇ?"