ಒದ್ದೆಬಟ್ಟೆ ಗಂಗಣ್ಣ ಮತ್ತು ಆಡು ಕಾಯುವವಳ ದಾರಿ

ಹೊಸಬರು ಬರೆದದ್ದನ್ನು ಗಂಗಣ್ಣ ಅಳಿಸಿದ. ಯಾಕೆ ಅಳಿಸಿದೆ ಅಂತ ಹೇಳಲಿಲ್ಲ. ಅವನು ಮಾಡಿದ ತಪ್ಪು ಇಷ್ಟೇ. ಇಷ್ಟೇನಾ ಅಂತ ಯಾರೂ ನಗಬೇಡಿ. ಈ ಇಷ್ಟರಲ್ಲೇ ಒಂದು ಹಸುಗೂಸು ಹೊಳೆಪಾಲಾಗುವುದಿತ್ತು. ಹತ್ತಿರ ಬಂದು ಕೂತು ಕೇಳಿ.

ನೇರಳಕೋಟೆ ಅಂತ ಒಂದು ರಾಜ್ಯ. ಆ ರಾಜ್ಯದ ಚಾವಡಿಯಲ್ಲಿ ಒಂದು ದೊಡ್ಡ ಗೋಡೆ. ಆ ಗೋಡೆಯ ತುಂಬ ಇಡೀ ರಾಜ್ಯದ ನಕ್ಷೆ. ಬರೆದವರು ಯಾರು? ಎಲ್ಲರೂ. ಬೆಸ್ತರು ಮಡು ಬರೆದರು. ಕುಂಬಾರರು ಜೇಡಿಮಣ್ಣಿನ ಗುಂಡಿ ಬರೆದರು. ಸೂಲಗಿತ್ತಿಯರು ಓಣಿ ಓಣಿ ಬರೆದರು. "ಕಂಡವರು ಬರೆಯಿರಿ, ಕಾಣದವರು ನೋಡಿ ನಡೆಯಿರಿ" ಅಂತ ರಾಜನ ಅಜ್ಜ ಡಂಗುರ ಹೊಡೆಸಿದ್ದ. ಗೋಡೆಯಲ್ಲಿಲ್ಲದ ದಾರಿಯಲ್ಲಿ ಗಾಡಿ ಹೊಡೆಯಬಾರದು ಅಂತ ಕಟ್ಟಳೆಯನ್ನೂ ಮಾಡಿದ್ದ.

ಆ ಗೋಡೆ ನೋಡಿಕೊಳ್ಳಲು ಇದ್ದವನು ಗಂಗಣ್ಣ. ಒಂದು ಕಾಲದಲ್ಲಿ ಅವನೂ ರಾಜ್ಯವೆಲ್ಲ ಸುತ್ತಿ ನೂರಾರು ಗೆರೆ ಎಳೆದವನೇ. ಸುಳ್ಳೇಕೆ, ಒಳ್ಳೆಯ ಗೆರೆಗಳು. ಆದರೆ ಈಗ ಹನ್ನೆರಡು ವರ್ಷದಿಂದ ಚಾವಡಿಯ ಕಟ್ಟೆ ಬಿಟ್ಟು ಇಳಿದಿರಲಿಲ್ಲ. ಕೈಯಲ್ಲಿ ಒಂದು ಒದ್ದೆಬಟ್ಟೆ. ಬಾಯಲ್ಲಿ ಒಂದೇ ಮಾತು: ತಪ್ಪು. ಹೊಸಬರು ಬರೆಯುತ್ತಿದ್ದರು, ಅವನು ಒರೆಸುತ್ತಿದ್ದ. ಬರೆದವರು ಮುಖ ಸಣ್ಣಗೆ ಮಾಡಿಕೊಂಡು ಹೋಗುತ್ತಿದ್ದರು. ಹೋದವರು ಮತ್ತೆ ಬರುತ್ತಿರಲಿಲ್ಲ.

ದಿಬ್ಬದಹಳ್ಳಿಯಲ್ಲಿ ಮಾಳವ್ವ ಅಂತ ಒಬ್ಬಳು ಆಡು ಕಾಯುವವಳಿದ್ದಳು. ಅವಳ ತಂಗಿ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಐದು ತಿಂಗಳು ತುಂಬಿತ್ತು. ಸೋಮವಾರ ಬೆಳಗ್ಗೆ ಗಾಡಿ ಕಟ್ಟಿ, ಹೊಳೆ ದಾಟಿ, ಗಂಡನ ಮನೆಗೆ ಹೊರಡಬೇಕು. ಗೋಡೆಯಲ್ಲಿದ್ದದ್ದು ಹಳೆಯ ಹುಣಸೆಮರದ ಹತ್ತಿರ ಹೊಳೆ ದಾಟುವ ದಾರಿ. ಗಂಗಣ್ಣನೇ ಎಳೆದದ್ದು. ಆದರೆ ಹೋದ ವರ್ಷದ ಮಳೆಗೆ ಹೊಳೆ ಮಗ್ಗುಲು ಬದಲಿಸಿತ್ತು. ಹುಣಸೆಮರದ ಬುಡದಲ್ಲಿ ಈಗ ಎತ್ತು ಹೂತುಹೋಗುವಷ್ಟು ಕೆಸರು. ಇದು ಮಾಳವ್ವನಿಗೆ ಗೊತ್ತಿತ್ತು, ಅವಳ ಆಡುಗಳಿಗೂ ಗೊತ್ತಿತ್ತು. ಗೋಡೆಗೆ ಗೊತ್ತಿರಲಿಲ್ಲ.

"ಹೊಳೇಲಿರೋ ಚಪ್ಪಟೆ ಬಂಡೆಗಲ್ಲಿನ ಮೇಲೆ ಹೊಡಿಯಪ್ಪಾ. ಅಲ್ಲಿ ಮೊಣಕಾಲುದ್ದ ನೀರು ಅಷ್ಟೇ," ಅಂತ ಗಾಡಿಯವನಿಗೆ ಹೇಳಿದಳು.

"ಗೋಡೇಲಿದೆಯಾ ಅಕ್ಕಾ?"

"ಇಲ್ಲ."

"ಹಾಗಾದ್ರೆ ನಾನು ಹೊಡೆಯೋನಲ್ಲ. ಕಟ್ಟಳೆ ಮುರಿದು ಕೋಳ ಹಾಕಿಸ್ಕೊಳ್ಳಲಾ?"

ಶುಕ್ರವಾರ ಮಾಳವ್ವ ಆಡುಗಳನ್ನು ಹೊಡೆದುಕೊಂಡೇ ಚಾವಡಿಗೆ ಬಂದಳು. ಸುಣ್ಣದಲ್ಲಿ ಬೆರಳದ್ದಿ, ತನ್ನ ಹಳ್ಳಿಯಿಂದ ಬಂಡೆಗಲ್ಲಿನವರೆಗೆ ಗೆರೆ ಎಳೆದಳು. ಅಲ್ಲೇ ಇತ್ತು ಎಡವಟ್ಟು. ಆಡು ಕಾಯುವವಳಿಗೆ ದೂರ ಅಂದರೆ ಹೊತ್ತು. ನಡುವಿನ ಗುಡ್ಡವನ್ನು ಮೇಯುತ್ತಾ ಹತ್ತಲು ಆಡುಗಳಿಗೆ ಅರ್ಧ ದಿನ ಬೇಕು, ಅದಕ್ಕೆ ಗುಡ್ಡಕ್ಕೆ ನಾಲ್ಕು ಗೇಣು ಕೊಟ್ಟಳು. ಗೆರೆ ಹೊಳೆ ದಾಟಿತು, ಊರು ದಾಟಿತು, ಅರಮನೆಯ ಕಣಜದ ಮೇಲೆ ಹೋಗಿ ನಿಂತಿತು.

"ನೋಡ್ರೋ, ಕಣಜದೊಳಗೆ ಹೊಳೆ ಹರಿಸಿದ್ಳು!" ಅಂತ ಕಟ್ಟೆಯ ಮೇಲಿದ್ದವರು ನಕ್ಕರು.

ಗಂಗಣ್ಣ ನಗಲಿಲ್ಲ. ಸರಕ್ಕನೆ ಒರೆಸಿದ. "ತಪ್ಪು."

"ಏನು ತಪ್ಪು ಯಜಮಾನ್ರೇ?"

"ತಪ್ಪು ಅಂದ್ರೆ ತಪ್ಪು."

ಗೆರೆ ಸಣ್ಣದಾಯಿತೇನೋ ಅಂದುಕೊಂಡಳು ಮಾಳವ್ವ. ಶನಿವಾರ ಬಂದು ಅದೇ ಗೆರೆಯನ್ನು ದಪ್ಪಗೆ ಎಳೆದಳು.

ಒರೆಸಿದ. "ಮತ್ತೆ ತಪ್ಪು."

ಬಣ್ಣ ಸರಿಯಿಲ್ಲವೇನೋ ಅಂದುಕೊಂಡಳು. ಭಾನುವಾರ ಕೆಮ್ಮಣ್ಣು ಅರೆದು ತಂದು, ಅದೇ ಗೆರೆಯನ್ನು ಕೆಂಪಗೆ ಎಳೆದು, ಎರಡೂ ಕಡೆ ರಂಗೋಲಿಯ ಹಾಗೆ ಚುಕ್ಕಿ ಇಟ್ಟಳು.

ಒರೆಸಿದ. "ನಿನಗ್ಯಾಕಮ್ಮಾ ನಕ್ಷೆ? ಹೋಗಿ ಆಡು ಕಾಯಿ."

ಮಾಳವ್ವ ಚಾವಡಿಯ ಮೆಟ್ಟಿಲ ಮೇಲೆ ಕೂತಳು. ಬೆಳಗಾದರೆ ಸೋಮವಾರ. ತಂಗಿಯ ಕೂಸು ಇನ್ನೂ ನೆಟ್ಟಗೆ ಕೂರಲು ಕಲಿತಿರಲಿಲ್ಲ.

ಚಾವಡಿಯ ನೆಲ ಸಾರಿಸುವ ನಿಂಗಜ್ಜಿ ಇದನ್ನೆಲ್ಲ ನೋಡುತ್ತಿದ್ದಳು. ಸಗಣಿಯ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು.

"ನೀನು ಹೇಳೋ ಜಾಗ ನಿಜವಾಗ್ಲೂ ಇದೆಯೇನು ತಾಯಿ?"

"ದಿನಾ ದಾಟ್ತೀನಿ ಅಜ್ಜಿ. ಹೋದ ವರ್ಷ ಹೊಳೆ ಜರುಗಿ ಹುಣಸೆಮರದ ಹತ್ತಿರ ಈಗ ಬರೀ ಕೆಸರು."

"ಜಾಗ ಕಂಡಿದ್ದೀಯ, ಅದು ಒಳ್ಳೇದು. ಗೆರೇನೂ ನೇರ ಎಳೀತೀಯ. ಉದ್ದ ಮಾತ್ರ ತಪ್ಪಿದೆ. ಗೋಡೆಗೆ ಹೊತ್ತು ಗೊತ್ತಿಲ್ಲ, ನೆಲ ಗೊತ್ತು. ಇಲ್ಲಿ ಒಂದು ಗೇಣು ಅಂದ್ರೆ ಒಂದು ಹರಿದಾರಿ. ಆ ಗುಡ್ಡದ ಕೆಳಗೆ ನಿಂತು ಕೂಗಿದ್ರೆ ಮೇಲಿದ್ದೋರಿಗೆ ಕೇಳುತ್ತಾ?"

"ಕೇಳದೆ ಏನು? ಆಡು ಕರೆಯೋದೇ ಹಾಗೆ."

"ಹಾಗಾದ್ರೆ ಅದು ಕೂಗಳತೆ ಕಣೇ! ನಾಲ್ಕು ಗೇಣಲ್ಲ, ಒಂದು ಬೆರಳು."

ಮಾಳವ್ವ ನೆಲದ ಮೇಲೆ ಊರು, ಹೊಳೆ ಗೀಚಿಕೊಂಡು ಬೆರಳಿಟ್ಟು ಅಳೆದು ನೋಡಿದಳು. ಗೆರೆ ಸೀದಾ ಹೋಗಿ ಹೊಳೆಗೆ ಕೂತಿತು. ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. "ಇಷ್ಟು ಹೇಳೋಕೆ ಅವರ ಬಾಯಲ್ಲಿ ಎರಡು ಮಾತಿರಲಿಲ್ವಾ ಅಜ್ಜಿ? ಮೂರು ದಿನ ದಂಡ ಮಾಡಿದ್ರಲ್ಲ!"

"ಈಗ ಸರಿಯಾಗಿ ಬರೆದ್ರೂ ಒರೆಸ್ತಾನೆ. ನೋಡಿ ಒರೆಸೋದು ಬಿಟ್ಟು ಬಹಳ ಕಾಲವಾಯ್ತು. ತಡಿ, ಅವನ ಮದ್ದು ಅವನಿಗೇ ಕುಡಿಸೋಣ."

ಗಂಗಣ್ಣ ಒದ್ದೆಬಟ್ಟೆ ಕಟ್ಟೆಯ ಮೇಲಿಟ್ಟು ಮಜ್ಜಿಗೆ ಕುಡಿಯುತ್ತಿದ್ದ. ನಿಂಗಜ್ಜಿ ಬಟ್ಟೆ ಎತ್ತಿಕೊಂಡಳು. ಹುಣಸೆಮರದ ದಾರಿಯನ್ನು, ಗಂಗಣ್ಣನ ಸ್ವಂತ ಗೆರೆಯನ್ನು, ಸರಕ್ಕನೆ ಒರೆಸಿದಳು.

"ತಪ್ಪು."

ಗಂಗಣ್ಣನಿಗೆ ಮಜ್ಜಿಗೆ ನೆತ್ತಿಗೇರಿತು. "ಏಯ್ ಮುದುಕಿ! ಏನು ತಪ್ಪು?"

"ತಪ್ಪು ಅಂದ್ರೆ ತಪ್ಪು."

ಗೆರೆ ಮಾಸಿತ್ತೇನೋ ಅಂದುಕೊಂಡು ಅವನು ದಪ್ಪಗೆ ಎಳೆದ. ಅಜ್ಜಿ ಒರೆಸಿದಳು. "ಮತ್ತೆ ತಪ್ಪು." ಬಣ್ಣವೇನೋ ಅಂದುಕೊಂಡು ಕೆಂಪಗೆ ಎಳೆದ. ಅಜ್ಜಿ ಒರೆಸಿದಳು. "ನಿನಗ್ಯಾಕಪ್ಪಾ ನಕ್ಷೆ? ಹೋಗಿ ಮಜ್ಜಿಗೆ ಕುಡಿ."

ಕಟ್ಟೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ಗಂಗಣ್ಣ ಮೈಯೆಲ್ಲ ಕೆಂಡವಾಗಿ ಅರಮನೆಗೆ ಓಡಿದ. ಹಿಂದೆ ಅಜ್ಜಿ, ಅವಳ ಹಿಂದೆ ಮಾಳವ್ವ, ಅವಳ ಹಿಂದೆ ಹನ್ನೊಂದು ಆಡು.

"ಅನ್ಯಾಯ ಬುದ್ಧೀ!" ಅಂತ ಗಂಗಣ್ಣ ರಾಜನ ಮುಂದೆ ಬಾಯಿ ಬಡಿದುಕೊಂಡ. "ಈ ಮುದುಕಿ ನನ್ನ ಗೆರೆ ಅಳಿಸ್ತಾಳೆ, ಏನು ತಪ್ಪು ಅಂತ ಹೇಳಲ್ಲ! ಹೇಳದೆ ನಾನು ತಿದ್ದೋದು ಹೇಗೆ? ಅಳಿಸೋರು ಕಾರಣ ಹೇಳಬೇಕು! ಹೇಗೆ ತಿದ್ದಬೇಕು ಅಂತ ತೋರಿಸಬೇಕು! ಹಾಗೆ ಮಾಡದೋರ ಕೈಗೆ ಬಟ್ಟೆ ಕೊಡಬಾರದು!"

ರಾಜ ತಲೆದೂಗಿದ. "ಸರಿಯಾದ ಮಾತು ಗಂಗಣ್ಣಾ. ಇದನ್ನೇ ಕಟ್ಟಳೆ ಮಾಡೋಣವೇನು?"

"ಈಗಲೇ ಮಾಡಿ ಬುದ್ಧೀ!"

ಕಟ್ಟಳೆ ಆಯಿತು. ಮುದ್ರೆಯೂ ಬಿತ್ತು.

ಆಗ ನಿಂಗಜ್ಜಿ ಕೈಮುಗಿದಳು. "ಕಟ್ಟಳೆ ಪ್ರಕಾರ ಕಾರಣ ಹೇಳ್ತೀನಿ ಬುದ್ಧೀ. ಗಂಗಣ್ಣ ಎಳೆದಾಗ ಆ ದಾರಿ ಸರಿಯಾಗೇ ಇತ್ತು. ಹೋದ ವರ್ಷ ಹೊಳೆ ಜರುಗಿತು. ಈಗ ಅಲ್ಲಿ ಕೆಸರು. ತಿದ್ದೋದು ಹೇಗೆ ಅಂತ ಈ ಮಾಳವ್ವ ತೋರಿಸ್ತಾಳೆ. ಮೂರು ದಿನದಿಂದ ಅದನ್ನೇ ಬರೀತಿದ್ದಾಳೆ. ಗಂಗಣ್ಣ ಮೂರು ಸಲ ಒರೆಸಿದ. ಕಾರಣ ಒಂದು ಸಲವೂ ಹೇಳಲಿಲ್ಲ."

ತಾನು ತೋಡಿದ ಗುಂಡಿ ಎಷ್ಟು ಆಳ ಅಂತ ಗಂಗಣ್ಣನಿಗೆ ಆಗ ತಿಳಿಯಿತು.

ರಾಜ ಒಬ್ಬ ಸವಾರನನ್ನು ಅಟ್ಟಿದ. ಹೊತ್ತು ಮುಳುಗುವ ಮೊದಲೇ ಸವಾರ ತಿರುಗಿ ಬಂದ. ಮೂಗೊಂದು ಬಿಟ್ಟು ಮೈಯೆಲ್ಲ ಕೆಸರು. "ಹುಣಸೆಮರದ ಹತ್ತಿರ ಕುದುರೆ ಹೊಟ್ಟೆವರೆಗೆ ಹೂತಿತು ಬುದ್ಧೀ. ನಾಲ್ಕು ಜನ ಹಗ್ಗ ಹಾಕಿ ಎಳೆದ್ರು. ಬಂಡೆಗಲ್ಲಿನ ಮೇಲೆ ಬಂದೆ, ಮೊಣಕಾಲುದ್ದಕ್ಕಿಂತ ಹೆಚ್ಚು ನೀರಿಲ್ಲ."

"ಹೋಗಿ ಬರೆಯಮ್ಮಾ," ಅಂದ ರಾಜ.

ಮಾಳವ್ವ ಬರೆದಳು. ಗುಡ್ಡಕ್ಕೆ ಒಂದೇ ಬೆರಳು. ಸೋಮವಾರ ಬೆಳಗ್ಗೆ ಗಾಡಿಯವನು ಗೋಡೆ ನೋಡಿ ಬಂದು, "ಈಗ ಸರಿ ಅಕ್ಕಾ," ಅಂದು ಎತ್ತು ಹೂಡಿದ. ಬಂಡೆಗಲ್ಲಿನ ಮೇಲೆ ಚಕ್ರ ಗಡಗಡ ಅಂದಾಗ ಕೂಸು ಕಿಲಕಿಲ ನಕ್ಕಿತು. ಗಾಡಿ ಆಚೆ ದಡ ಹತ್ತುವವರೆಗೂ ಮಾಳವ್ವ ಈಚೆ ದಡದಲ್ಲಿ ನಿಂತೇ ಇದ್ದಳು.

ಗಂಗಣ್ಣನ ಒದ್ದೆಬಟ್ಟೆ ಏನಾಯಿತು? ಗಲಾಟೆಯಲ್ಲಿ ಮಾಳವ್ವನ ಹೋತ ಅದನ್ನು ತಿಂದು ಹಾಕಿತ್ತು. ಗಂಗಣ್ಣನನ್ನು ರಾಜ ಓಡಿಸಲಿಲ್ಲ. ಹೊಸಬರು ಬಂದಾಗ ಪಕ್ಕದಲ್ಲಿ ಕೂರಬೇಕು ಅಂತ ಅಪ್ಪಣೆ ಮಾಡಿದ. ಮೊದಲು ಸರಿಯಿದ್ದದ್ದನ್ನು ಹೇಳಬೇಕು. ಆಮೇಲೆ ತಪ್ಪಿದ್ದನ್ನು ಹೇಳಬೇಕು. ಆಮೇಲೆ ಕೈ ಹಿಡಿದು ತೋರಿಸಬೇಕು. ಮೊದಲ ದಿನ ಅವನು, "ನೀನು... ಗೆರೆ... ನೇರ ಎಳೆದಿದ್ದೀಯ," ಅನ್ನುವಷ್ಟರಲ್ಲಿ ಹಸಿ ಹಾಗಲಕಾಯಿ ಅಗಿದವನ ಹಾಗೆ ಮುಖ ಮಾಡಿದ. ತಿಂಗಳು ಕಳೆಯುವಷ್ಟರಲ್ಲಿ ರೂಢಿಯಾಯಿತು. ಬಿಟ್ಟುಹೋದ ಬೆಸ್ತರು ಬಂದರು, ಕುಂಬಾರರು ಬಂದರು. ಗೋಡೆ ಸಾಲದೆ ಪಕ್ಕದ ಗೋಡೆಗೂ ಸುಣ್ಣ ಬಳಿಯಬೇಕಾಯಿತು.

ನೀತಿ ಇದು: ತಿದ್ದುವವನಿಗೆ ಬಾಯಿ ಬೇಕು, ಬರೀ ಕೈ ಸಾಲದು. ಕಾರಣ ಹೇಳದೆ ಅಳಿಸುವವನು ಗೆರೆಯೊಂದನ್ನೇ ಅಳಿಸುವುದಿಲ್ಲ, ಬರೆದವನನ್ನೂ ಅಳಿಸುತ್ತಾನೆ.

ಈಗ ಆ ಗೋಡೆ ನಿಮ್ಮ ಅಂಗೈಯ ಮೊಬೈಲಿನಲ್ಲಿದೆ. ಎಲ್ಲರೂ ಸೇರಿ ಬರೆಯುವ ನಕ್ಷೆ ಈಗಲೂ ಇದೆ, ಗಂಗಣ್ಣಂದಿರೂ ಇದ್ದಾರೆ. ನೀವು ಹಳಬರೋ? ಹಾಗಾದರೆ ತಲೆದೂಗಿ ಎದ್ದು ಹೋಗಬೇಡಿ. ಆ ನಕ್ಷೆ ತೆರೆಯಿರಿ. ನಿನ್ನೆ ಮೊನ್ನೆ ಸೇರಿದ ಒಬ್ಬರು ಎಳೆದ ಒಂದು ಗೆರೆ ಹುಡುಕಿ. ಏನು ಸರಿಯಿದೆ, ಏನು ತಪ್ಪಿದೆ, ಹೇಗೆ ತಿದ್ದಬೇಕು ಅಂತ ಅವರಿಗೆ ಮೂರು ಸಾಲು ಬರೆಯಿರಿ. ನಾಳೆ ಅಲ್ಲ. ಕೈಯಲ್ಲಿರುವ ಒದ್ದೆಬಟ್ಟೆ ಕೆಳಗಿಟ್ಟು, ಈಗಲೇ ಬರೆಯಿರಿ.