ಬೈಸಿಕೊಂಡ ಮೇಲೆ ಚಕ್ರ ಇಳಿಸು

"ಗುರುಗಳೇ, ಎದುರು ಮಾತಾಡುವವನನ್ನು ಜೊತೆಯಲ್ಲಿ ಇಟ್ಟುಕೊಳ್ಳಬಹುದೇ?" ಎಂದು ಶಿಷ್ಯ ಸಂಗಯ್ಯ ಕೇಳಿದ.

ಮಠದ ದಾಸೋಹದ ಮೇಲ್ವಿಚಾರಣೆ ಸಂಗಯ್ಯನದು. ಕೈಕೆಳಗೆ ಹನ್ನೆರಡು ಮಂದಿ ಅಡುಗೆಯವರು. ಅವರಲ್ಲಿ ಹನ್ನೊಂದು ಮಂದಿ ಏನು ಹೇಳಿದರೂ ಹೂಂ ಅನ್ನುತ್ತಿದ್ದರು. ಕರಿಬಸಪ್ಪ ಎಂಬವನೊಬ್ಬ ಮಾತ್ರ ಎಲ್ಲದಕ್ಕೂ ಒಂದು ಕೊಂಕು ತೆಗೆಯುತ್ತಿದ್ದ. ಬೇಳೆ ಇಳಿಸಪ್ಪಾ ಅಂದರೆ, "ಇನ್ನೂ ಬೆಂದಿಲ್ಲ ಸ್ವಾಮಿ, ನಿಮ್ಮ ಸಿಟ್ಟಿನ ಮೇಲೆ ಇಟ್ಟರೆ ಬೇಗ ಬೇಯುತ್ತೆ" ಅನ್ನುವ ಜಾತಿ. ಸಂಜೆಯೊಳಗೆ ಅವನನ್ನು ಊರಿಗೆ ಕಳಿಸಬೇಕೆಂದು ಸಂಗಯ್ಯ ತೀರ್ಮಾನಿಸಿಯೇ ಬಂದಿದ್ದ. ಗುರುಗಳ ಬಾಯಿಂದ ಒಂದು ಮಾತು ಬೇಕಿತ್ತು, ಅಷ್ಟೆ.

"ಕೂತ್ಕೊ" ಅಂದರು ಗುರುಗಳು. ಸಂಗಯ್ಯ ಕೂತ. ಅವರು ಹೇಳತೊಡಗಿದರು.

ಮರ ಕಡಿದ ಮೇಲೆ ನೆಲದಲ್ಲಿ ಬೊಡ್ಡೆ ಉಳಿಯುತ್ತದಲ್ಲ, ಅದನ್ನು ಅರೆದು ಪುಡಿ ಮಾಡುವ ಇಬ್ಬರಿದ್ದರು. ಯಂತ್ರ ನಡೆಸುವವನು ದಸ್ತಗೀರ. ಹಾರೆ ಹಿಡಿಯುವವನು ಗಿಡ್ಡಪ್ಪ. ಯಂತ್ರಕ್ಕೊಂದು ಹಲ್ಲಿನ ಚಕ್ರ. ಅದು ಬೊಡ್ಡೆಯ ಮೇಲೆ ಇಳಿದರೆ ಮರವೂ ಪುಡಿ, ಬೇರೂ ಪುಡಿ. ಕಲ್ಲು ಸಿಕ್ಕರೆ ಮಾತ್ರ ಹಲ್ಲು ಮುರಿಯುತ್ತದೆ. ಅದಕ್ಕೇ ದಸ್ತಗೀರ ಆಗಾಗ ಚಕ್ರ ಮೇಲೆತ್ತಿ, ಸದ್ದು ತಗ್ಗಿಸಿ ನಿಲ್ಲುತ್ತಿದ್ದ. ಗಿಡ್ಡಪ್ಪ ಆಚೆ ಕಡೆಯಿಂದ ಬೊಡ್ಡೆಯ ಸುತ್ತ ತೋಡಿದ ಗುಂಡಿಗಿಳಿದು, ಬೇರಿನ ಸಂದಿಯ ಕಲ್ಲುಗಳನ್ನು ಕಿತ್ತು ಎಸೆದು, ಮೇಲೆ ಬಂದು ದೂರ ನಿಲ್ಲುತ್ತಿದ್ದ. ನಡುವೆ ಯಂತ್ರವೂ ಪುಡಿಯ ಗುಡ್ಡೆಯೂ ಅಡ್ಡ. ದಸ್ತಗೀರನಿಗೆ ಅವನು ಕಾಣುತ್ತಿರಲಿಲ್ಲ. ಕಿವಿಯೇ ಗತಿ.

"ಹೂಂ" ಎಂದ ಸಂಗಯ್ಯ.

ದಸ್ತಗೀರನಿಗೆ ಕೆಲಸ ಕಲಿಸಿದ ಉಸ್ತಾದ್ ಒಂದೇ ಒಂದು ಕಟ್ಟಳೆ ಹಾಕಿದ್ದ. "ಆಚೆಯವನನ್ನು ಮೊದಲು ರೇಗಿಸು. ಅವನು ತಿರುಗಿ ಬೈಯಲಿ. ಬೈಸಿಕೊಂಡ ಮೇಲೆ ಚಕ್ರ ಇಳಿಸು." ಯಾಕೆ ಅಂತ ದಸ್ತಗೀರ ಕೇಳಿರಲಿಲ್ಲ. ಬೈಸಿಕೊಳ್ಳುವುದು ಅವನಿಗೆ ಕಷ್ಟದ ಕೆಲಸವೇನೂ ಆಗಿರಲಿಲ್ಲ.

"ಏ ಗಿಡ್ಡಪ್ಪಾ, ಗುಂಡಿಯೊಳಗೆ ಇದೀಯೋ, ಇಲಿ ಎಳ್ಕೊಂಡು ಹೋಯ್ತೋ?"

"ಇಲಿಗೆ ನಿನ್ನ ಮುಖ ತೋರಿಸಿದೆ, ಊರು ಬಿಟ್ಟು ಓಡ್ತು! ದೂರ ನಿಂತಿದೀನಿ, ಇಳಿಸೋ ದಂಡಪಿಂಡ!"

ಹೀಗೆ ಹನ್ನೆರಡು ವರ್ಷ ನಡೆಯಿತು. ಗಿಡ್ಡಪ್ಪ ಹೆಸರಿಗೆ ತಕ್ಕ ಹಾಗೆ ಕುಳ್ಳ. ಮದುವೆಯಲ್ಲಿ ತಾಳಿ ಕಟ್ಟಲು ಏಣಿ ಹಾಕಿದ್ದರಂತೆ ಎಂದು ದಸ್ತಗೀರ ಕೆಣಕಿದರೆ ಸಾಕು, ಆಚೆಯಿಂದ ಅವನ ವಂಶವೆಲ್ಲ ಬೈಗುಳದಲ್ಲಿ ಮಿಂದು ಬರುತ್ತಿತ್ತು. ಕೈಕಾಲಿಗೆ ಒಂದು ತರಚು ಗಾಯವಾಗದೆ ಇಬ್ಬರೂ ನೂರಾರು ಬೊಡ್ಡೆ ತೆಗೆದರು.

"ಹೂಂ."

ಒಬ್ಬ ವ್ಯಾಪಾರಿ ಗೋದಾಮು ಕಟ್ಟಿಸಲು ಒಂದು ಜಾಗ ಕೊಂಡ. ಅಲ್ಲಿ ನಾಲ್ಕು ಬೊಡ್ಡೆಗಳಿದ್ದವು. ಮೂರು ಬೇವು, ಒಂದು ಹುಣಸೆ. ಇಬ್ಬರನ್ನೂ ಕರೆಸಿದ. ಅವನು ಕೆಟ್ಟವನಲ್ಲ, ಅಚ್ಚುಕಟ್ಟಿನವನು. ಜಾಗ ನೋಡಲು ಬೀಗರು ಬಂದು ಕೂತಿದ್ದರು. ಅವರ ಮುಂದೆ ಈ ದಂಡಪಿಂಡ, ಏಣಿ, ಅಪ್ಪ, ಅಜ್ಜ ಎಲ್ಲ ಕೇಳಿಸಿ ಅವನ ಮರ್ಯಾದೆ ಹೋದಂತಾಯಿತು.

"ಇದು ಕೆಲಸವೋ, ಹರಟೆ ಕಟ್ಟೆಯೋ? ನೀನು ಆಯ್ತಾ ಅಂತ ಕೇಳು, ಅವನು ಹೂಂ ಅನ್ನಲಿ. ಅದಕ್ಕಿಂತ ಒಂದು ಮಾತು ಹೆಚ್ಚಾದರೂ ಬೇರೆಯವರನ್ನು ಕರೆಸುತ್ತೇನೆ" ಎಂದ.

ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಆಯ್ತಾ? ಹೂಂ. ಆಯ್ತಾ? ಹೂಂ. ಮೂರು ಬೇವಿನ ಬೊಡ್ಡೆಗಳು ಸರಸರನೆ ಪುಡಿಯಾದವು. ಹೀಗೆ ಮೊದಲೇ ಮಾಡಬಾರದಿತ್ತೇ ಎಂದು ವ್ಯಾಪಾರಿ ಬೀಗರ ಮುಂದೆ ಮೀಸೆ ತಿರುವಿದ. ನಿಜ ಹೇಳಬೇಕೆಂದರೆ ದಸ್ತಗೀರನಿಗೂ ಹಾಗೇ ಅನ್ನಿಸಿತು. ಉಸ್ತಾದ್ ಬಾಯಿಬಡುಕ, ತನ್ನ ಚಟವನ್ನೇ ಕಟ್ಟಳೆ ಮಾಡಿಟ್ಟಿದ್ದ ಅಂದುಕೊಂಡ.

ಹುಣಸೆಗೆ ಬಂದಾಗ ನಡು ಮಧ್ಯಾಹ್ನ. ನೆತ್ತಿ ಸುಡುವ ಬಿಸಿಲು. ಹುಣಸೆ ಬೇರೆಂದರೆ ಕೇಳಬೇಕೇ, ಹೆಜ್ಜೆಗೊಂದು ಕಲ್ಲು ಕಚ್ಚಿಕೊಂಡಿತ್ತು. ದಸ್ತಗೀರ ಚಕ್ರ ಎತ್ತಿ ನಿಂತ. ಆಚೆ ಹಾರೆಯ ಸದ್ದು ಕೇಳಿತು, ನಿಂತಿತು.

"ಆಯ್ತಾ?"

"ಹೂಂ."

ದಸ್ತಗೀರ ಹಿಡಿಗೆ ಕೈ ಹಾಕಿದ. ಕೈ ಇಳಿಯಲಿಲ್ಲ. ಯಾಕೋ ಎದೆ ಒಪ್ಪಲಿಲ್ಲ. ಕೆಲಸ ಹೋದರೆ ಹೋಗಲಿ ಅಂದುಕೊಂಡು ಕೂಗಿದ:

"ಏ ಗಿಡ್ಡಪ್ಪಾ, ನಿನ್ನ ಮದುವೇಲಿ ತಾಳಿ ಕಟ್ಟೋಕೆ ಏಣಿ ಹಾಕಿದ್ರಂತೆ, ನಿಜಾನೇನೋ?"

"ಹೂಂ" ಎಂದ ಗಿಡ್ಡಪ್ಪ.

ಹನ್ನೆರಡು ವರ್ಷದಲ್ಲಿ ಗಿಡ್ಡಪ್ಪ ಆ ಮಾತನ್ನು ಒಂದು ಸಲವೂ ಒಪ್ಪಿಕೊಂಡವನಲ್ಲ. ದಸ್ತಗೀರ ಯಂತ್ರವನ್ನು ಪೂರ್ತಿ ಆರಿಸಿ ಆಚೆ ಕಡೆಗೆ ಓಡಿದ.

ಗಿಡ್ಡಪ್ಪ ಗುಂಡಿಯ ಅಂಚಿನಲ್ಲಿ ಕೂತಿದ್ದ. ಎರಡೂ ಕಾಲು ಗುಂಡಿಯೊಳಗೆ, ಚಕ್ರದ ನೇರ ಕೆಳಗೆ. ಹಾರೆ ಕೈಯಲ್ಲೇ ಇತ್ತು. ಕಣ್ಣುಗಳು ತೆರೆದೇ ಇದ್ದವು, ನೋಟ ಮಾತ್ರ ಎಲ್ಲೂ ಇರಲಿಲ್ಲ. ಬಿಸಿಲು ತಲೆಗೆ ಹೊಡೆದಿತ್ತು. "ಗಿಡ್ಡಪ್ಪಾ!" ಎಂದು ಅಲುಗಾಡಿಸಿದರೆ, "ಹೂಂ" ಎಂದ. "ನಾನ್ಯಾರೋ?" ಅಂದರೂ "ಹೂಂ" ಎಂದ.

ನೆರಳಿಗೆ ಹೊತ್ತು ತಂದರು. ವ್ಯಾಪಾರಿ ತಾನೇ ಓಡಿ ಹೋಗಿ ಬಿಂದಿಗೆಯಲ್ಲಿ ನೀರು ತಂದು ತಲೆಗೆ ಸುರಿದ. ಬೀಗರು ಟವೆಲ್ಲಿನಿಂದ ಗಾಳಿ ಹಾಕಿದರು. ದಸ್ತಗೀರ ಗಿಡ್ಡಪ್ಪನ ಎರಡೂ ಪಾದಗಳನ್ನು ಹಿಡಿದುಕೊಂಡು ಕೂತಿದ್ದ. ಬಿಡು ಅಂದರೂ ಬಿಡಲಿಲ್ಲ. ಒಂದು ಗೇಣು ಕೈ ಇಳಿದಿದ್ದರೆ ಆ ಪಾದಗಳು ಇರುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಗಿಡ್ಡಪ್ಪ ಕಣ್ಣು ಹೊರಳಿಸಿದ. ತುಟಿ ಒದ್ದೆ ಮಾಡಿಕೊಂಡ.

"ಏಣಿ ಹಿಡ್ಕೊಂಡು ನಿಂತಿದ್ದೋನು ನಿಮ್ಮಪ್ಪ ಕಣೋ" ಎಂದ.

ದಸ್ತಗೀರನಿಗೆ ಹೋದ ಜೀವ ಬಂತು. ಅಳುತ್ತಲೇ ನಕ್ಕ. ಉಸ್ತಾದ್ ಯಾಕೆ ಹಾಗೆ ಹೇಳಿದ್ದನೆಂದು ಅವತ್ತು ಅವನಿಗೆ ತಿಳಿಯಿತು. ಹೂಂ ಅನ್ನುವುದಕ್ಕೆ ಎಚ್ಚರ ಬೇಕಿಲ್ಲ, ಬಾಯೊಂದಿದ್ದರೆ ಸಾಕು. ತಿರುಗಿ ಬೈಯಬೇಕಾದರೆ ಮನುಷ್ಯ ಪೂರ್ತಿ ಎಚ್ಚರವಿರಬೇಕು. ಹುಣಸೆ ಬೊಡ್ಡೆಯನ್ನು ಮಾರನೆಯ ದಿನ ಬೆಳಗಿನ ತಂಪಿನಲ್ಲಿ ತೆಗೆದರು. ಅವತ್ತು ಆಚೆಯಿಂದ ಬೈಗುಳ ಬರುವುದು ಸ್ವಲ್ಪ ತಡವಾದರೂ ವ್ಯಾಪಾರಿ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ.

"ಹೂಂ" ಎಂದ ಸಂಗಯ್ಯ.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು. ಆಚೆ ಅಡುಗೆ ಮನೆಯಲ್ಲಿ ಕರಿಬಸಪ್ಪ ಯಾರನ್ನೋ ರೇಗಿಸುತ್ತಿದ್ದದ್ದು ಕೇಳಿಸುತ್ತಿತ್ತು. ಗುರುಗಳು ಸಂಗಯ್ಯನ ಮುಖವನ್ನೇ ನೋಡಿದರು.

"ಅರ್ಥವಾಯಿತೇ ಅಂತ ನಾನು ಕೇಳೋದಿಲ್ಲ ಸಂಗಯ್ಯ, ಕೇಳಿದರೆ ನೀನು ಹೂಂ ಅಂತೀಯ."