ಉಂಗುರ ತಪ್ಪಿಸಿದ ತಂತಿ

ರಿಪೇರಿ ಅಂಗಡಿಯ ಮೇಜಿನ ಮೇಲೆ ಹಳೆಯದೊಂದು ಕಚೇರಿ ಕ್ಯಾಲ್ಕುಲೇಟರ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಒಳಗೆ ಸಾಲುಸಾಲು ಉಂಗುರಗಳು, ಅವುಗಳ ನಡುವೆ ಕೂದಲೆಳೆಯಂಥ ತಂತಿಗಳು. ಪಕ್ಕದಲ್ಲಿದ್ದ, ಅಚ್ಚುಕಟ್ಟೇ ಪ್ರಾಣವೆಂದುಕೊಂಡಿದ್ದ ತಂತಿ ಕತ್ತರಿಸುವ ಕಟ್ಟರಿಗೆ ಆ ಸಿಕ್ಕು ಹಿಡಿಸಲಿಲ್ಲ.

"ಉಳಿದ ತಂತಿಗಳು ಉಂಗುರದೊಳಗೆ ನುಗ್ಗಿ ದುಡಿಯುತ್ತಿವೆ. ಇದೊಂದು ಮಾತ್ರ ಹೆಚ್ಚುಕಡಿಮೆ ಎಲ್ಲ ಉಂಗುರಗಳನ್ನೂ ತಪ್ಪಿಸಿಕೊಂಡು ಹೊರಗಿಂದಲೇ ಹೋಗಿದೆ. ಶುದ್ಧ ಸೋಮಾರಿ!" ಎಂದಿತು ಕಟ್ಟರ್.

"ತಡೆಯಿರಿ," ಎಂದಿತು ಭೂತಗನ್ನಡಿ. "ಇದು ಸಿಕ್ಕಲ್ಲ, ಯಾರೋ ಕೈಯಾರೆ ಹೆಣೆದದ್ದು. ಯಂತ್ರದ ನೆನಪೇ ಇದಿರಬಹುದು. ಮೊದಲು ಯಂತ್ರವನ್ನೇ ಕೇಳೋಣ."

"ಕೇಳುವುದೇನು? ಕಣ್ಣಿಗೆ ಕಾಣುತ್ತಿದೆಯಲ್ಲ," ಎಂದು ಕಟ್ಟರ್ ಆ ತಂತಿಯನ್ನು ಕತ್ತರಿಸಿಬಿಟ್ಟಿತು.

ಸ್ವಲ್ಪ ಹೊತ್ತಿಗೆ ಕ್ಯಾಲ್ಕುಲೇಟರಿಗೆ ಕರೆಂಟು ಬಂತು. ಅದು ಕೂಡಿತು, ಕಳೆಯಿತು, ಗುಣಿಸಿತು. ಭಾಗಿಸಲು ಹೇಳಿದಾಗ ಸುಮ್ಮನಾಯಿತು.

"ಯಾಕೆ ನಿಂತಿರಿ?" ಎಂದು ಕಟ್ಟರ್ ಅಳುಕುತ್ತ ಕೇಳಿತು.

"ತಂತಿ ಉಂಗುರದೊಳಗೆ ಹೋದರೆ ಒಂದು, ಹೊರಗೆ ಹೋದರೆ ಸೊನ್ನೆ. ನನಗೆ ಕಲಿಸಿದವರು ಹಾಗೆಯೇ ಹೆಣೆದಿದ್ದರು. ಆ ತಂತಿಯ ತುಂಬ ಸೊನ್ನೆಗಳಿದ್ದವು. ಭಾಗಾಕಾರವನ್ನು ಹೇಗೆ ಶುರುಮಾಡಬೇಕೆಂಬುದು ಆ ಸೊನ್ನೆಗಳಲ್ಲೇ ಇತ್ತು," ಎಂದಿತು ಕ್ಯಾಲ್ಕುಲೇಟರ್.

ತುಂಡಾದ ತುದಿಗಳನ್ನು ಸೇರಿಸಲು ಕಟ್ಟರ್ ಆತುರದಿಂದ ಬಾಯಿ ತೆರೆಯಿತು. ಆದರೆ ಆ ಬಾಯಿಗೆ ಬರುತ್ತಿದ್ದದ್ದು ಕತ್ತರಿಸುವುದೊಂದೇ.